ಕಾಟಾದ ಅಂಕಿ ಯಾರಿಗೆ ಕಾಣಬೇಕು?



ಸರಕು ಸಾಗಣೆಯ ಮಾನದಂಡಗಳ ಬಗ್ಗೆ ಮಾತಾಡಲು ಮೇಲವಂಕಿಯೇ ಯಾಕೆ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ದಾರಿಯಲ್ಲಿ ಎಷ್ಟು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿರಿ ಎಂದು ನಾನೇ ತಿರುಗಿ ಕೇಳಿದೆ. ನಕ್ಕರು. ಆ ಟ್ರ್ಯಾಕ್ಟರ್ ದೂರದ ಯಾವುದೋ ಕಂಪನಿಯದು, ಹಿಂದಿನ ಎರಡು ಡಬ್ಬಿ (ಟ್ರೇಲರ್) ಇಲ್ಲಿನ ವೆಲ್ಡಿಂಗ್ ಅಂಗಡಿಯವು. ಆದರೂ ಕೊಂಡಿಗೆ ಕೊಂಡಿ ಕೂಡುತ್ತದೆ, ಪಿನ್ನು ಸಲೀಸಾಗಿ ಇಳಿಯುತ್ತದೆ. ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರ ಕೆಲಸ ಹೀಗೆ ಕೂಡಿಕೊಳ್ಳುವುದಕ್ಕೇ ಮಾನದಂಡ ಎನ್ನುವುದು.

ಕೂಡದಿದ್ದರೆ ಏನಾಗುತ್ತದೆ ಎಂಬುದನ್ನೂ ಈ ಸೀಮೆ ಕಂಡಿದೆ. ಘಟಪ್ರಭಾ, ಗೋಕಾಕ ರೋಡ್ ಮೇಲೆ ಹಾಯುವ ಮೀರಜ–ಲೋಂಡಾ ಹಳಿ 1990ರ ದಶಕದವರೆಗೂ ಮೀಟರ್ ಗೇಜ್. ಮೀರಜದಾಚೆ ಪುಣೆಯ ಹಾದಿ ಅದಕ್ಕೂ ಮೊದಲೇ ಬ್ರಾಡ್‌ಗೇಜ್ ಆಗಿತ್ತು. 1,000 ಮಿ.ಮೀ. ಮತ್ತು 1,676 ಮಿ.ಮೀ. ನಡುವಿನ ಆ 676 ಮಿ.ಮೀ.ಗಾಗಿ ಹಮಾಲರು ಒಂದು ವ್ಯಾಗನ್ನಿನ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಇನ್ನೊಂದಕ್ಕೆ ಹಾಕಬೇಕಿತ್ತು. ಅಮೆರಿಕದ ಮಾಲ್ಕಮ್ ಮೆಕ್‌ಲೀನ್ 1956ರಲ್ಲಿ ಐಡಿಯಲ್ ಎಕ್ಸ್ ಹಡಗಿನ ಮೇಲೆ 58 ಕಂಟೇನರ್ ಹೇರಿದ್ದು ಇಂಥದೇ ಇಳಿಸು–ಹೇರು ಕೆಲಸ ತಪ್ಪಿಸಲು. 

ನನ್ನ ತಕರಾರು ಬೇರೆ. ಸಕ್ಕರೆ ಕಾರ್ಖಾನೆಯ ಬಾಗಿಲು ದಾಟಿ ಹೊರಗೆ ಹೋಗುವ ಮಾಲಿಗೆ ಮಾನದಂಡ ಬಹಳ ಅಚ್ಚುಕಟ್ಟು. ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಗಾಜಿನ ಬಾಟಲಿಗಳಲ್ಲಿ ಮಾದರಿ ಸಕ್ಕರೆ ತುಂಬಿ ಕಾರ್ಖಾನೆಗಳಿಗೆ ಕೊಡುತ್ತದೆ. ಎಂ-30 ಎಂದರೆ ಎಂ ಕಾಳಿನ ಗಾತ್ರ, 30 ಬಣ್ಣ. ಎಲ್ಲೋ ಕೂತ ವ್ಯಾಪಾರಿ ಮಾಲು ಕಣ್ಣಿಂದ ನೋಡದೆ ಫೋನಿನಲ್ಲೇ ವ್ಯವಹಾರ ಮುಗಿಸುತ್ತಾನೆ.

ಅದೇ ಬಾಗಿಲೊಳಗೆ ಬರುವ ಕಬ್ಬಿನ ಮಾತೇನು? 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ದರ ಎಫ್‌ಆರ್‌ಪಿ ಶೇ. 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ ಶೇ. 0.1ರಷ್ಟು ಏರಿದರೆ 3 ರೂಪಾಯಿ 46 ಪೈಸೆ ಹೆಚ್ಚು. ಎರಡು ಡಬ್ಬಿಯಲ್ಲಿ ಹದಿನೈದು ಟನ್ ಎಂದಿಟ್ಟುಕೊಳ್ಳಿ, ಆ ಒಂದು ದಶಾಂಶದ ಬೆಲೆ 519 ರೂಪಾಯಿ. ಆದರೆ ರಿಕವರಿ ಇಡೀ ಕಾರ್ಖಾನೆಯ ಸರಾಸರಿ. ಅಳೆಯುವುದು ಕಾರ್ಖಾನೆಯೊಳಗೆ. ನಿಮ್ಮ ಹೊಲದ ಕಬ್ಬು ಎಷ್ಟು ಸಿಹಿ ಎಂದು ನಿಮಗೆ ಯಾರೂ ಹೇಳುವುದಿಲ್ಲ. ಕಡಿದ ಕಬ್ಬು ಯಾರ್ಡಿನಲ್ಲಿ ನಿಂತಷ್ಟೂ ಒಣಗುತ್ತದೆ, ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ನಿಂತ ತಾಸಿಗೆ ಲೆಕ್ಕ ಇಡುವವರು ಯಾರು?

2025ರ ನವೆಂಬರಿನಲ್ಲಿ ಪಕ್ಕದ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ರೈತರು ರಸ್ತೆಗೆ ಇಳಿದರು. ಕೇಳಿದ್ದು ಟನ್ ಕಬ್ಬಿಗೆ 3,500 ರೂಪಾಯಿ, ಸರ್ಕಾರ ಹೇಳಿದ್ದು 3,300. ಪತ್ರಿಕೆಗಳು ಅದನ್ನು ದರದ ಜಗಳ ಎಂದು ಬರೆದವು. ನನಗೆ ಅದರಲ್ಲಿ ಅಳತೆಯ ಜಗಳವೂ ಕೇಳಿಸಿತು. ರೈತರ ಜೊತೆ ಕಟ್ಟೆಯ ಮೇಲೆ ಅರ್ಧ ತಾಸು ಕೂತು ನೋಡಿ: “ರಿಕವರಿ ಎಷ್ಟ ತೋರ್ಸ್ಯಾರ?”, “ಕಾಟಾ ಸರಿ ಐತೇನ?”, “ರವದಿ ಅಂತ ಎಷ್ಟ ಕಡದ್ರು?” ಕಾಟಾ ಎಂದರೆ ತೂಕದ ಯಂತ್ರ, ರವದಿ ಎಂದರೆ ಕಬ್ಬಿನ ಒಣ ಎಲೆ.

ಹಿಂದೊಮ್ಮೆ ಒಂದು ಕಾರ್ಖಾನೆಯ ಕಾಟಾದ ಬಳಿ, ಹೆಸರು ಬೇಡ, ಸಾಲಿನಲ್ಲಿ ನಿಂತಿದ್ದೆ. ಟ್ರ್ಯಾಕ್ಟರ್ ತಟ್ಟೆಯ ಮೇಲೇರಿತು. ಅಂಕಿ ತೋರುವ ಡಬ್ಬ ಕ್ಯಾಬಿನ್ನಿನೊಳಗೆ, ಅದರ ಮುಖ ಗುಮಾಸ್ತನ ಕಡೆಗೆ. ಡ್ರೈವರ್ ಹುಡುಗ ಸೀಟಿನಿಂದ ಅರ್ಧ ಎದ್ದು ಕಿಟಕಿಯೊಳಗೆ ಇಣುಕಿದ, ಕಾಣಲಿಲ್ಲ. ಚೀಟಿ ಬಂತು. ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ಹೊರಟ. ಆ ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇತ್ತು. ತೂಕ ಸರಿಯಾಗಿಯೇ ಇದ್ದಿರಬಹುದು. ಆದರೆ ಹುಡುಗನಿಗೆ ಅದನ್ನು ನಂಬಲು ಚೀಟಿ ಬಿಟ್ಟು ಬೇರೆ ಆಧಾರ ಇರಲಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಬಾರ್‌ಕೋಡು, ಇ-ವೇ ಬಿಲ್ಲು, ಜಿಪಿಎಸ್ ಎಲ್ಲವೂ ಬರಲಿವೆ; ಬರಲಿ. ಅದಕ್ಕೂ ಮೊದಲು ಕಾಟಾದ ಅಂಕಿಯ ಫಲಕ ಎಷ್ಟು ಎತ್ತರದಲ್ಲಿರಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು, ಟ್ರ್ಯಾಕ್ಟರ್ ಸೀಟಿನಿಂದ ರಾತ್ರಿ ಹೊತ್ತು ಓದಲು ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಇಲ್ಲಿರುವ ಎಂಜಿನಿಯರುಗಳು ಅರ್ಧ ಪುಟ ಬರೆದುಕೊಡಲಿ. ಬರೆಯುವಾಗ ಹಿಂದಿನ ಸಾಲಿನಲ್ಲಿ ಕೂತಿರುವ ಡ್ರೈವರುಗಳನ್ನೂ ಕೇಳಿಕೊಳ್ಳಿ.