ಖಡಕ್ ರೊಟ್ಟಿಯ ಶಾಸ್ತ್ರ



ಆಂಗ್ಲರ ಮನೆಗಳಲ್ಲಿ ಗೋಧಿಹಿಟ್ಟಿನ ಹೊದಿಕೆಯೊಳಗೆ ಚೀಸು, ಉಳ್ಳಾಗಡ್ಡಿ ತುಂಬಿ, ಮುಚ್ಚಿದ ಒಲೆಯಲ್ಲಿ ಬೇಯಿಸುವ ‘ಪೈ’ ಎಂಬ ಭಕ್ಷ್ಯವುಂಟು. ಗೋಧಿಯಲ್ಲಿ ಅಂಟುಂಟು, ಆದುದರಿಂದ ಹೊದಿಕೆ ಹರಿಯದೆ ನಿಲ್ಲುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕರಿನೆಲದಲ್ಲಿ ಬೆಳೆಯುವ ಜೋಳಕ್ಕೆ ಆ ಅಂಟಿಲ್ಲ. ಹಾಗಾದರೆ ನಮ್ಮ ತಾಯಂದಿರು ಮಾಡುವುದೇನು? ಹಿಟ್ಟಿಗೆ ಕುದಿನೀರು ಹೊಯ್ದು ನಾದುತ್ತಾರೆ. ಆ ಬಿಸಿಗೆ ಪಿಷ್ಟವು ಉಬ್ಬಿ ಜಿಗುಟಾಗಿ, ಅಂಟಿನ ಕೊರತೆಯನ್ನು ತುಂಬುತ್ತದೆ. ತೆಳ್ಳಗೆ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಬಟ್ಟೆಯಿಂದ ಒತ್ತುತ್ತ ಸಣ್ಣ ಉರಿಯಲ್ಲಿ ಗರಿಗರಿಯಾಗಿಸುತ್ತಾರೆ. ತೇವವಿಲ್ಲದೆಡೆ ಬೂಷ್ಟು ಬೆಳೆಯದು; ಅಂತೆಯೇ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಜೊತೆಗಿದ್ದರೆ ಊಟ ಪೂರ್ಣ.

ನಮ್ಮ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ರೊಟ್ಟಿ ಬಡಿಯುವ ಕೈಗಳ ಜ್ಞಾನಕ್ಕೆ ಮಾನ್ಯತೆ ಕೊಡಬೇಕಾದವರು ನಾವು. ಶಾಸ್ತ್ರವಿಷಯಗಳು ಕನ್ನಡದಲ್ಲಿ ತಿಳಿಯಲಾರವೆಂದು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಬಯಸುವ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಇಂದು ರಾತ್ರಿ ಒಲೆಯ ಬಳಿ ಮಗುವನ್ನು ಕೂಡಿಸಿಕೊಂಡು, ಹಿಟ್ಟಿಗೆ ಕುದಿನೀರೇಕೆ ಎಂದು ಕೇಳಿರಿ. ಉತ್ತರವು ತಾಯಿನುಡಿಯಲ್ಲಿಯೇ ಬರುವುದು.