ಕಡಲಪಾಚಿ, ಉಪ್ಪು ಮತ್ತು ನಮ್ಮ ಕೊರಳು
(ಬಂಗಾರಪೇಟೆಯಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ನಾನು ಮಲೆನಾಡಿನವನು. ಊದಿದ ಕೊರಳಿನ ಅಜ್ಜಿಯರನ್ನು ನೋಡುತ್ತಲೇ ಬೆಳೆದವನು. ಗಳಗಂಡವನ್ನು ನಾವು ಹಣೆಬರಹವೆಂದು ಬಗೆದಿದ್ದೆವು. ಅದು ಮಣ್ಣಿನ ಕೊರತೆಯೆಂದು ಅರಿತದ್ದು ಕೃಷಿವಿಜ್ಞಾನವನ್ನು ಓದಿದ ಮೇಲೆ. ಸಾವಿರಾರು ವರ್ಷಗಳ ಮಳೆಯು ಗುಡ್ಡದ ಮಣ್ಣಿನಲ್ಲಿದ್ದ ಅಯೋಡಿನ್ನನ್ನು ತೊಳೆದು ಕಡಲಿಗೆ ಒಯ್ದಿದೆ. ಅಲ್ಲಿ ಅದನ್ನು ಹೀರಿ ಕೂಡಿಡುವುದು ಕಡಲಪಾಚಿ. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಎಂಬಾತ ಅಯೋಡಿನ್ನನ್ನು ಮೊದಲು ಕಂಡದ್ದೂ ಪಾಚಿಯ ಬೂದಿಯಲ್ಲಿಯೇ.

ಹಾಗಾದರೆ ಪಾಚಿಯ ಪುಡಿಯನ್ನೇ ನುಂಗಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ವಯಸ್ಕರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಕೆಲ್ಪ್ ಜಾತಿಯ ಪಾಚಿಯ ಒಂದೇ ಗ್ರಾಮಿನಲ್ಲಿ ಸಾವಿರ ಮೈಕ್ರೋಗ್ರಾಂ ಮೀರಿ ಇರಬಹುದು. ಬೇರೆ ಜಾತಿಯಲ್ಲಿ ಹತ್ತಿಪ್ಪತ್ತು ಮಾತ್ರ. ಅತಿಯಾದರೂ ಥೈರಾಯ್ಡ್ ಗ್ರಂಥಿ ಕೆಡುತ್ತದೆ. ವೈದ್ಯರು ಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಬಿಟ್ಟು ಪಾಚಿಯ ಮೊರೆಹೋಗುವುದಂತೂ ಅಪಾಯ.

ಇಲ್ಲಿಗೆ ಬರುವಾಗ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ಕಂಡೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ದೇಹವನ್ನು ಹೊಕ್ಕ ಸೈನೈಡ್ ಥಯೋಸಯನೇಟ್ ಆಗಿ ಮಾರ್ಪಟ್ಟು, ಗ್ರಂಥಿಯು ಅಯೋಡಿನ್ ಹೀರುವುದನ್ನು ತಡೆಯುತ್ತದೆ. ಬೀಡಿಯ ಹೊಗೆ, ಸರಿಯಾಗಿ ಬೇಯಿಸದ ಮರಗೆಣಸು ಮಾಡುವುದೂ ಇದನ್ನೇ. ದಿಬ್ಬದ ಧೂಳಿನಿಂದಲೂ ಹೀಗಾಗುವುದೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರವು ಊಹೆಯಿಂದ ಬರಬಾರದು. ಬಾವಿಯ ನೀರನ್ನೂ ಮಕ್ಕಳ ಮೂತ್ರದಲ್ಲಿನ ಅಯೋಡಿನ್ನನ್ನೂ ಅಳೆದು ಬರಬೇಕು. ಆ ಅಳತೆಯನ್ನು ಕೇಳುವುದು ನಿಮ್ಮ ಹಕ್ಕು.

ಪರಿಹಾರ ಮಾತ್ರ ಅಗ್ಗವಾದುದು. 1956ರಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಪ್ರಯೋಗದಲ್ಲಿ ಅಯೋಡಿನ್ ಬೆರೆಸಿದ ಉಪ್ಪನ್ನುಂಡವರ ನಡುವೆ ಗಳಗಂಡ ಇಳಿಯಿತು. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆದರೂ ಬೆಲೆ ನೋಡಿ ಕಲ್ಲುಪ್ಪನ್ನೋ, ಆರೋಗ್ಯಕ್ಕೆಂದು ಸೈಂಧವ ಲವಣವನ್ನೋ ಕೊಳ್ಳುವ ಮನೆಗಳಿವೆ. ಅಯೋಡಿನ್ ಬೆರೆಸಿದ್ದೆಂದು ಬರೆದಿಲ್ಲದಿದ್ದರೆ ಅವನ್ನು ನಂಬುವಂತಿಲ್ಲ.

ಮೊದಲ ತಿಂಗಳುಗಳಲ್ಲಿ ಗರ್ಭದ ಶಿಶುವಿಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಆಸರೆ. ಆಗ ತೀವ್ರ ಕೊರತೆಯಾದರೆ ಕುಂದಿದ ಮಿದುಳು ಮತ್ತೆ ಸರಿಹೋಗದು. ಆದ್ದರಿಂದ ಉಪ್ಪನ್ನು ಹೆಚ್ಚು ತಿನ್ನಬೇಡಿ, ಸರಿಯಾದುದನ್ನು ತಿನ್ನಿರಿ. ಪೊಟ್ಟಣದ ಮೇಲಿನ ಬರಹವನ್ನು ಓದಿರಿ. ಮುಚ್ಚಿದ ಡಬ್ಬಿಯಲ್ಲಿ, ತೇವ ತಾಗದಂತೆ ಇಡಿರಿ. ಸಾರು ಇಳಿಸುವ ಹೊತ್ತಿಗೆ ಹಾಕಿರಿ. ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ಅಡುಗೆಮನೆಯ ಉಪ್ಪನ್ನು ಒಮ್ಮೆ ನೋಡಿರಿ.