ಗೋಡೆಯಿಲ್ಲದ ಪಾಠಗಳು



ಠಾಣೆಯಿಂದ ವಾಶಿಯತ್ತ ಹೊರಟ ಲೋಕಲ್ ರೈಲು ಐರೋಳಿಯನ್ನು ದಾಟಿದೊಡನೆ ರಬಾಳೆಯಲ್ಲಿ ನಿಲ್ಲುತ್ತದೆ. ಹಳಿಯ ಪೂರ್ವಕ್ಕೆ ಎಂ.ಐ.ಡಿ.ಸಿ. ಕಾರ್ಖಾನೆಗಳು, ಪಶ್ಚಿಮಕ್ಕೆ ವಸತಿಗಳು, ಅವುಗಳಾಚೆ ಠಾಣೆ ಖಾಡಿ. ಉದ್ಯೋಗವನ್ನರಸಿ ಬಂದು ಇಂಥ ಊರುಗಳಲ್ಲಿ ನೆಲೆನಿಂತ ಕನ್ನಡ ಜೈನ ಕುಟುಂಬಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನು, ಶಾಲೆಯಲ್ಲಿ ಇಂಗ್ಲಿಷನ್ನು ಆಡುತ್ತ ಬೆಳೆಯುತ್ತಾರೆ. ಇಂದಿನ ವಿಚಾರವು ಆರರಿಂದ ಎಂಟನೆಯ ತರಗತಿಯವರೆಗೆ ಓದುತ್ತಿರುವ ಈ ಮಕ್ಕಳನ್ನು ಕುರಿತದ್ದು.

ಈ ವಯಸ್ಸಿನಲ್ಲಿ ಮಗುವಿನ ಪಾಟೀಚೀಲ ಒಮ್ಮೆಲೇ ಭಾರವಾಗುತ್ತದೆ. ಗಣಿತ, ವಿಜ್ಞಾನ, ಇತಿಹಾಸ, ಪೌರನೀತಿ, ಭೂಗೋಲ, ಮೂರು ಭಾಷೆಗಳು: ಒಂದೊಂದಕ್ಕೂ ಒಂದೊಂದು ಪುಸ್ತಕ, ಒಬ್ಬೊಬ್ಬ ಶಿಕ್ಷಕರು, ಒಂದೊಂದು ಟ್ಯೂಷನ್. ಭಾನುವಾರದ ಪಾಠಶಾಲೆಯೆಂಬುದು ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಕೋಣೆ. ಆರನೆಯ ತರಗತಿಯ ಇತಿಹಾಸದಲ್ಲಿ ಜೈನಧರ್ಮದ ಪಾಠ ಬರುತ್ತದೆ. ಪಂಚವ್ರತಗಳನ್ನು ಬಾಯಿಪಾಠ ಮಾಡಿದ ಮಗು ಅಂಕಗಳನ್ನು ಪಡೆಯುತ್ತದೆ. ಆ ವ್ರತಗಳಿಗೂ ವಿಜ್ಞಾನದ ಆಹಾರ ಪಾಠಕ್ಕೂ ಪೌರನೀತಿಯ ಸಮಾನತೆಯ ಪಾಠಕ್ಕೂ ಇರುವ ಸಂಬಂಧವನ್ನು ತೋರಿಸುವವರು ಯಾರು?

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 2023ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರವು ಶಾಲೆಯ ಮಧ್ಯಾಹ್ನದೂಟದಲ್ಲಿ ವಾರಕ್ಕೊಮ್ಮೆ ಮೊಟ್ಟೆಯನ್ನೂ, ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೂ ಕೊಡಲು ಆದೇಶಿಸಿತು. ಸಸ್ಯಾಹಾರಿ ಸಮುದಾಯಗಳಿಂದ ವಿರೋಧ ಬಂದಿತು. 2025ರ ಜನವರಿಯಲ್ಲಿ ಸರ್ಕಾರ ಮೊಟ್ಟೆಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು. ಹಿರಿಯರಲ್ಲಿ ಕೆಲವರು ಇದನ್ನು ಗೆಲುವೆಂದು ಬಗೆದರು. ಆದರೆ ಏಳನೆಯ ತರಗತಿಯ ಮಗುವೊಂದು ತನ್ನ ಪುಸ್ತಕಗಳನ್ನೆಲ್ಲ ಒಟ್ಟಿಗೆ ತೆರೆದು ಕುಳಿತರೆ ಏನನ್ನು ಕಂಡೀತು?

ವಿಜ್ಞಾನ ಹೇಳುತ್ತದೆ: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ. ಗಣಿತ ಹೇಳುತ್ತದೆ: ಹಾಗಿದ್ದರೆ ಒಂದು ಮೊಟ್ಟೆಗೆ 24 ಗ್ರಾಂ ಶೇಂಗಾ ಸಮ, 40 ಮಕ್ಕಳ ತರಗತಿಗೆ 960 ಗ್ರಾಂ, ಅಂದರೆ ಒಂದು ಕಿಲೋಗೆ ತುಸು ಕಡಿಮೆ. ವಿಜ್ಞಾನ ಮತ್ತೆ ಎಚ್ಚರಿಸುತ್ತದೆ: ಮೊಟ್ಟೆಯಲ್ಲಿರುವ ಬಿ12 ಜೀವಸತ್ತ್ವ ಶೇಂಗಾದಲ್ಲಿಲ್ಲ, ಅದಕ್ಕೆ ಹಾಲೋ ಮೊಸರೋ ಬೇಕು. ಕಿರಾಣಿ ಅಂಗಡಿಯ ದರವನ್ನು ಕೇಳಿ ಬಂದರೆ ಲೆಕ್ಕ ಪೂರ್ಣವಾಗುತ್ತದೆ. ಆಗ ಪೌರನೀತಿಯ ಪುಸ್ತಕ ಕೇಳುತ್ತದೆ: ಈ ಖರ್ಚನ್ನು ಭರಿಸುವವರು ಯಾರು? ಪಾಲಿಕೆಯ ಶಾಲೆಯಲ್ಲಿ ಉಣ್ಣದ ಮಕ್ಕಳ ಹೆತ್ತವರು ಅಲ್ಲಿ ಉಣ್ಣುವ ಮಕ್ಕಳ ತಟ್ಟೆಯನ್ನು ನಿರ್ಧರಿಸಬಹುದೇ? ಕೊನೆಗೆ ಪಾಠಶಾಲೆಯ ಪುಸ್ತಕ ನೆನಪಿಸುತ್ತದೆ: ಅಣುವ್ರತವನ್ನು ಶ್ರಾವಕನು ತಾನಾಗಿ ಸ್ವೀಕರಿಸುತ್ತಾನೆ, ಅದನ್ನು ಇನ್ನೊಬ್ಬನ ಮೇಲೆ ಹೇರಲಾಗದು. ಮೊಟ್ಟೆ ಬೇಡವೆನ್ನುವವರು ಶೇಂಗಾ, ಬೇಳೆ, ಹಾಲುಗಳನ್ನು ಹೊತ್ತು ತರಬೇಕು. ಹಸಿದ ಮಗುವಿನ ತಟ್ಟೆಯಿಂದ ಒಂದನ್ನು ತೆಗೆಸಿ, ಬದಲಿಗೆ ಏನನ್ನೂ ಇಡದಿರುವುದು ಅಹಿಂಸೆಯಾಗದು.

ವಿದ್ಯೆಗಳ ನಡುವೆ ಗೋಡೆಯಿಲ್ಲವೆಂಬ ಅರಿವು ಜೈನರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಪಾಕಶಾಸ್ತ್ರ, ವೈದ್ಯ, ಸಂಗೀತ, ವಾಸ್ತುವಿದ್ಯೆ ಎಲ್ಲಕ್ಕೂ ಗಣಿತ ಬೇಕೆಂದು ಸಾರಿದರು. ಮೇಲಿನ ಶೇಂಗಾದ ಲೆಕ್ಕ ಅವರು ಕಲಿಸಿದ ತ್ರೈರಾಶಿಕವೇ. ಆರನೆಯ ತರಗತಿಯ ಮಗುವನ್ನು ಕಾಡುವ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಅವರು ‘ನಿರುದ್ಧ’ವೆಂದು ಕರೆದರು. ಪಾಠಶಾಲೆಯಲ್ಲಿ ಅವರ ಹೆಸರು ಎಷ್ಟು ಸಲ ಕೇಳಿಬಂದಿದೆ?

ಇತಿಹಾಸದ ಪಾಠವೂ ದೂರದಲ್ಲಿಲ್ಲ. ಕರ್ಮವೀರ ಭಾವೂರಾವ್ ಪಾಟೀಲರು 1887ರಲ್ಲಿ ಕೊಲ್ಲಾಪುರ ಜಿಲ್ಲೆಯ ಕುಂಭೋಜದ ಜೈನ ಮನೆಯಲ್ಲಿ ಹುಟ್ಟಿದರು. ಅವರ ಪೂರ್ವಿಕರು ಮೂಡುಬಿದಿರೆಯ ಕಡೆಯವರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರು ಸಾತಾರದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಉಣಿಸಿದರು. ದುಡಿಮೆಯನ್ನೂ ಓದನ್ನೂ ಬೆಸೆದರು. ವಲಸೆ ಬಂದ ಕುಟುಂಬದ ಕುಡಿಯೊಬ್ಬ ಬಂದ ನೆಲಕ್ಕೆ ಏನು ಕೊಡಬಲ್ಲನೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪಾಠ ಬೇಡ.

ಭಾಷೆಯ ಮಾತೂ ಇಲ್ಲಿ ಸೇರುತ್ತದೆ. 2025ರ ಏಪ್ರಿಲಿನಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿಸುವ ಆದೇಶ ಹೊರಟು, ಜೂನಿನಲ್ಲಿ ಹಿಂತೆಗೆಯಲ್ಪಟ್ಟಿತು. ಆ ಗದ್ದಲದಲ್ಲಿ ಮಕ್ಕಳ ಮನೆಮಾತಿನ ದನಿ ಕೇಳಿಸಲಿಲ್ಲ. ಶಾಲೆ ಯಾವ ಮಾಧ್ಯಮದ್ದೇ ಆಗಲಿ, ಪಾಠಗಳನ್ನು ಒಂದಕ್ಕೊಂದು ಜೋಡಿಸುವ ಪ್ರಶ್ನೆಗಳನ್ನು ರಾತ್ರಿಯ ಊಟದ ಹೊತ್ತಿಗೆ ಕನ್ನಡದಲ್ಲಿ ಕೇಳಲು ಯಾವ ಸರ್ಕಾರದ ಅಪ್ಪಣೆಯೂ ಬೇಡ.

ಸಲಹೆ ಸಣ್ಣದು. ತಿಂಗಳಿಗೊಂದು ಭಾನುವಾರ ಪಾಠಶಾಲೆಗೆ ಮಕ್ಕಳು ಶಾಲೆಯ ಪುಸ್ತಕಗಳನ್ನೂ ತರಲಿ. ಒಂದೇ ಪ್ರಶ್ನೆಯನ್ನು ಎಲ್ಲ ಪುಸ್ತಕಗಳಿಗೂ ಕೇಳಲಿ. ರಬಾಳೆಯಿಂದ ಒಂದೇ ನಿಲ್ದಾಣದ ದೂರದ ಐರೋಳಿಯಲ್ಲಿ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಠಾಣೆ ಖಾಡಿಯ ರಾಜಹಂಸಗಳ ಅಭಯಾರಣ್ಯ 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದೆ. ಚಳಿಗಾಲದ ಒಂದು ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಕೆಸರಿನಲ್ಲಿ ಆಹಾರ ಹುಡುಕುವ ಹಕ್ಕಿ, ಕಾರ್ಖಾನೆಯಿಂದ ಹರಿದುಬರುವ ನೀರು, ಅದೇ ಕಾರ್ಖಾನೆಯಲ್ಲಿ ದುಡಿಯುವ ತಂದೆ: ಜೀವದಯೆಯ ಪಾಠ ಅಲ್ಲಿ ಸುಲಭವಾಗಿರದು, ಆದರೆ ನಿಜವಾಗಿರುತ್ತದೆ.

ಅಂಕಪಟ್ಟಿಯಲ್ಲಿ ವಿಷಯಗಳು ಬೇರೆಬೇರೆ ಸಾಲುಗಳಲ್ಲಿರಲಿ. ಮಗುವಿನ ಬುದ್ಧಿಯಲ್ಲಿ ಅವು ಒಂದಾಗುವಂತೆ ನೋಡಿಕೊಳ್ಳುವ ಹೊಣೆ ಮನೆಯದು, ಸಮಾಜದ್ದು.

ಜೈ ಜಿನೇಂದ್ರ.